ಹೆಸರು ಬದಲಾಯಿತು, ವಿಳಾಸ ಬದಲಾಯಿತೆ?

2012ರ ಸುಮಾರಿನ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳೋಣ. ಆಕೆಯನ್ನು ಸುಮಾ ಎಂದು ಕರೆಯೋಣ. ಅಣ್ಣನು ಬಳಸಿ ಬಿಟ್ಟ ಐಪಾಡ್ ಟಚ್ ಒಂದು ಆಕೆಯ ಪಾಲಿಗೆ ಬಂದಿದೆ. ಅಂಗೈಯೊಳಗೆ ಅಡಗುವ ಆ ಯಂತ್ರದಲ್ಲಿ ಎರಡು ಮಿಂಚಂಚೆ ಖಾತೆಗಳಿವೆ. ಒಂದು ಮನೆಯವರೆಲ್ಲರಿಗೂ ಸೇರಿದ್ದು. ಇನ್ನೊಂದು ಆಕೆಯದು, ಗೆಳತಿಯರೊಡನೆ ಕೂಡಿ ತಮಾಷೆಗೆಂದು ತೆರೆದದ್ದು. ಅದರ ವಿಳಾಸದಲ್ಲಿ ಸುಮಾ ಎಂಬ ಹೆಸರಿಲ್ಲ. 'ತುಂಟಗುಬ್ಬಿ' ಎಂಬ ಬಿರುದಿದೆ!

ವಿದ್ಯಾರ್ಥಿವೇತನಕ್ಕೆ ಅರ್ಜಿ ಕಳುಹಿಸುವ ದಿನ ಬಂದಿತು. ತುಂಟಗುಬ್ಬಿಯ ಹೆಸರಿನಲ್ಲಿ ಅರ್ಜಿ ಹೋಗುವುದು ಶೋಭಿಸದೆಂದು ಬಗೆದು, ಆಕೆ ಯಂತ್ರದಲ್ಲಿ ಆ ಖಾತೆಯ ಹೆಸರನ್ನು 'ಸುಮಾ' ಎಂದು ತಿದ್ದಿದಳು. ಪರದೆಯ ಮೇಲೆ ಹೊಸ ಹೆಸರು ಥಟ್ಟನೆ ಮೂಡಿತು. ಇನ್ನೇನು ಚಿಂತೆ? ಅರ್ಜಿ ಹೋಯಿತು. ಆದರೆ ಅತ್ತ ಅದನ್ನು ತೆರೆದ ಅಧಿಕಾರಿಯ ಕಣ್ಣಿಗೆ ಬಿದ್ದುದು ಹಳೆಯ ತುಂಟಗುಬ್ಬಿಯೇ.

ಯಂತ್ರವು ಸುಮಾಳನ್ನು ವಂಚಿಸಿತೆ? ಇಲ್ಲ. ಆಕೆ ಹೇಳಿದುದನ್ನೇ ಅದು ಮಾಡಿತು. ಮಿಂಚಂಚೆಯ ಒಂದು ಖಾತೆಗೆ ಒಂದಲ್ಲ, ಮೂರು ಹೆಸರುಗಳಿರುತ್ತವೆ. ಆಕೆ ಬದಲಿಸಿದುದು ಅವುಗಳಲ್ಲಿ ಊರು ಬಿಟ್ಟು ಹೊರಡದ ಹೆಸರನ್ನು. ಈ ಮೂರನ್ನೂ ಬೇರೆ ಬೇರೆಯಾಗಿ ಅರಿತುಕೊಂಡರೆ ಹಳೆಯ ಕಿಸೆಯಂತ್ರದಲ್ಲೇ ಆಗಲಿ, ಹೊಸ ದೂರವಾಣಿಯಲ್ಲೇ ಆಗಲಿ, ಇಂತಹ ಪ್ರಮಾದ ಒದಗದು.

ಮೂರು ಹೆಸರುಗಳು

ಮೊದಲನೆಯದು ವಿಳಾಸ. 1971ರಲ್ಲಿ ಅಮೆರಿಕದ ಎಂಜಿನಿಯರು ರೇ ಟಾಮ್ಲಿನ್ಸನ್ ಅವರು ಒಂದು ಗಣಕಯಂತ್ರದಿಂದ ಇನ್ನೊಂದಕ್ಕೆ ಪತ್ರ ಕಳುಹಿಸುವ ಏರ್ಪಾಡನ್ನು ಮಾಡಿದಾಗ, ಪತ್ರ ಪಡೆಯುವವರ ಹೆಸರನ್ನೂ ಅವರ ಯಂತ್ರದ ಹೆಸರನ್ನೂ ಬೇರ್ಪಡಿಸಲು ನಡುವೆ 'ಆಟ್' ಚಿಹ್ನೆಯನ್ನಿಟ್ಟರು. ಇಂದಿಗೂ ಆ ಚಿಹ್ನೆಯ ಎಡಗಡೆ ವ್ಯಕ್ತಿಯ ಗುರುತೂ ಬಲಗಡೆ ಅಂಚೆಯನ್ನು ನಡೆಸುವ ಸಂಸ್ಥೆಯ ಗುರುತೂ ಇರುವುವು. ಈ ಎರಡು ಭಾಗಗಳೂ ಕೂಡಿದ ವಿಳಾಸವು ಜಗತ್ತಿನಲ್ಲಿ ಒಂದೇ ಒಂದು ಇರಬೇಕು. ಎರಡಿದ್ದರೆ ಪತ್ರ ಯಾರಿಗೆ ಸೇರಬೇಕು?

ಎರಡನೆಯದು ಕಳುಹಿಸುವವರ ಹೆಸರು. ಕಾಗದದ ಲಕೋಟೆಯ ಹಿಂಬದಿಯಲ್ಲಿ ನಾವು 'ಇಂದ' ಎಂದು ಬರೆದು ಹೆಸರನ್ನು ಕಾಣಿಸುವಂತೆ, ಮಿಂಚಂಚೆಯ ಪತ್ರದ ಶಿರೋಭಾಗದಲ್ಲಿ ವಿಳಾಸಕ್ಕೆ ಮೊದಲು ಈ ಹೆಸರು ಕುಳಿತಿರುತ್ತದೆ. ಇದು ಪತ್ರದೊಡನೆಯೇ ಪಯಣಿಸಿ, ಪಡೆದವರ ಕಣ್ಣಿಗೆ ಬೀಳುತ್ತದೆ.

ಮೂರನೆಯದು ಖಾತೆಯ ಚೀಟಿ. ಮನೆಯ ಅಟ್ಟದ ಮೇಲೆ ಉಪ್ಪಿನಕಾಯಿಯ ನಾಲ್ಕು ಭರಣಿಗಳಿದ್ದರೆ ಅಜ್ಜಿಯು ಒಂದೊಂದರ ಮೇಲೂ ಚೀಟಿ ಅಂಟಿಸುವಳಷ್ಟೆ, ಇದೂ ಹಾಗೆಯೇ. ಯಂತ್ರದ ಒಡೆಯನಿಗೆ 'ಮನೆ', 'ಕಾಲೇಜು' ಎಂದು ಗುರುತು ಸಿಕ್ಕಲೆಂದು ಇರುವ ಹೆಸರಿದು. ಚೀಟಿಯನ್ನು ಬದಲಿಸಿದ ಮಾತ್ರಕ್ಕೆ ಭರಣಿಯೊಳಗಿನ ಮಾವಿನಮಿಡಿ ನಿಂಬೆಯಾಗುವುದಿಲ್ಲ.

ಹಾಗಾದರೆ ಚೀಟಿ ಏಕೆ ಬೇಕು, ವಿಳಾಸವನ್ನೇ ಪರದೆಯ ಮೇಲೆ ತೋರಿಸಬಾರದೆ ಎಂದು ಕೇಳಬಹುದು. 2007ರಲ್ಲಿ ಬಂದ ಮೊದಲನೆಯ ಐಪಾಡ್ ಟಚ್‌ನ ಪರದೆಯ ಅಗಲ ಕೇವಲ 320 ಚುಕ್ಕಿಗಳು. ಒಂದು ಅಕ್ಷರಕ್ಕೆ 10 ಚುಕ್ಕಿಗಳೆಂದು ಹಿಡಿದರೂ ಒಂದು ಸಾಲಿನಲ್ಲಿ 32 ಅಕ್ಷರಗಳಿಗಿಂತ ಹೆಚ್ಚು ಹಿಡಿಸವು. ಮಿಂಚಂಚೆಯ ವಿಳಾಸವಾದರೋ ನಿಯಮದ ಪ್ರಕಾರ 254 ಅಕ್ಷರಗಳವರೆಗೆ ಬೆಳೆಯಬಹುದು. ಕಿರಿದಾದ ಪರದೆಗೆ ಕಿರಿದಾದ ಚೀಟಿಯೇ ಒಪ್ಪುವುದು.

ಯಂತ್ರಗಳ ಸಂಭಾಷಣೆ

ಚೀಟಿಯ ಹೆಸರು ಹೊರಗೆ ಹೋಗದೆಂಬುದಕ್ಕೆ ಪ್ರಮಾಣವೇನು? ಪತ್ರ ಕಳುಹಿಸುವಾಗ ಯಂತ್ರಗಳು ಆಡುವ ಮಾತನ್ನೇ ಕಿವಿಗೊಟ್ಟು ಕೇಳೋಣ. ಈ ಮಾತಿನ ಕ್ರಮವನ್ನು 1982ರಲ್ಲಿ ಜಾನ್ ಪೋಸ್ಟೆಲ್ ಅವರು ಬರೆದಿಟ್ಟರು; ಅದರ ತಿರುಳು ಇಂದಿಗೂ ಮಾಸಿಲ್ಲ.

ಕಿಸೆಯಂತ್ರವು ಮೊದಲು ಅಂಚೆಯ ಯಂತ್ರಕ್ಕೆ ವಂದಿಸಿ ತನ್ನ ಗುರುತನ್ನು ಹೇಳುತ್ತದೆ. ಅತ್ತಣಿಂದ 250 ಎಂಬ ಸಂಖ್ಯೆ ಬರುತ್ತದೆ. 'ಆಗಲಿ' ಎಂದು ಅದರ ಅರ್ಥ. ಅನಂತರ 'ಇಂತಹ ವಿಳಾಸದಿಂದ ಪತ್ರವಿದೆ' ಎನ್ನುತ್ತದೆ, ಮತ್ತೆ 250. 'ಇಂತಹ ವಿಳಾಸಕ್ಕೆ ಸೇರಬೇಕು' ಎನ್ನುತ್ತದೆ, ಪುನಃ 250. 'ಒಕ್ಕಣೆಯನ್ನು ಒಪ್ಪಿಸಲೇ?' ಎಂದಾಗ 354 ಎಂಬ ಉತ್ತರ ಬರುತ್ತದೆ; 'ಒಪ್ಪಿಸು' ಎಂದು ಅದರ ತಾತ್ಪರ್ಯ. ಆಗ ಕಳುಹಿಸುವವರ ಹೆಸರು, ವಿಳಾಸ, ವಿಷಯ, ಒಕ್ಕಣೆ ಎಲ್ಲವೂ ಸಾಲುಸಾಲಾಗಿ ಹೊರಡುತ್ತವೆ.

ಈ ಸಂಭಾಷಣೆಯಲ್ಲಿ ವಿಳಾಸ ಬಂದಿತು. ಕಳುಹಿಸುವವರ ಹೆಸರೂ ಬಂದಿತು. ಚೀಟಿ ಎಲ್ಲಿ ಬಂದಿತು? ಎಲ್ಲಿಯೂ ಇಲ್ಲ! ಬಂದ ಪತ್ರಗಳನ್ನು ತರುವಾಗಲೂ ಅಷ್ಟೆ: ಯಂತ್ರವು ಖಾತೆದಾರನ ಗುರುತನ್ನೂ ಗುಪ್ತಪದವನ್ನೂ ಒಪ್ಪಿಸಿ ಪತ್ರಗಳನ್ನು ಕೇಳುತ್ತದೆಯೇ ಹೊರತು, ತನ್ನೊಡೆಯನು ಆ ಖಾತೆಯನ್ನು ಏನೆಂದು ಕರೆಯುವನೆಂಬುದನ್ನು ಹೇಳುವ ಸಂದರ್ಭವೇ ಒದಗದು. ಸುಮಾ ತಿದ್ದಿದ ಹೆಸರು ಆಕೆಯ ಕಿಸೆಯಲ್ಲಿಯೇ ಉಳಿದುದು ಹೀಗೆ.

ಇದರಲ್ಲಿ ಒಂದು ಅನುಕೂಲವೂ ಅಡಗಿದೆ. ಚೀಟಿಯನ್ನು ಎಷ್ಟು ಬಾರಿ ಬದಲಿಸಿದರೂ ಒಂದು ಪತ್ರವೂ ದಾರಿ ತಪ್ಪುವುದಿಲ್ಲ. ಚೆನ್ನಾಗಿ ರಚಿಸಿದ ಯಾವುದೇ ದಾಖಲೆಯಲ್ಲಿ ಮನುಷ್ಯರು ಓದುವ ಹೆಸರು ಬೇರೆ, ಯಂತ್ರವು ನೆಚ್ಚುವ ಗುರುತು ಬೇರೆ. ಮೊದಲನೆಯದು ನಮ್ಮ ಇಷ್ಟದಂತೆ ಮಾರ್ಪಡಬಹುದು, ಎರಡನೆಯದು ಅಲುಗಬಾರದು. ನಮ್ಮ ರೈಲ್ವೆಯನ್ನೇ ನೋಡಿ. ಬೆಂಗಳೂರು ಸಿಟಿ ನಿಲ್ದಾಣಕ್ಕೆ 2016ರಲ್ಲಿ ಕ್ರಾಂತಿವೀರ ಸಂಗೊಳ್ಳಿ ರಾಯಣ್ಣನ ಹೆಸರನ್ನಿಟ್ಟರು. ಫಲಕಗಳು ಬದಲಾದವು. ಆದರೆ ಎಸ್‌ಬಿಸಿ ಎಂಬ ಮೂರಕ್ಷರದ ಸಂಕೇತವು ಹಾಗೆಯೇ ಉಳಿಯಿತು. ಹೆಸರು ಜನರ ಅಭಿಮಾನಕ್ಕೆ, ಸಂಕೇತವು ಗಾಡಿಯ ಲೆಕ್ಕಕ್ಕೆ. ಎರಡನ್ನೂ ಬೇರೆಯಾಗಿ ಇಟ್ಟುದರಿಂದಲೇ ಒಂದನ್ನು ಬದಲಿಸುವಾಗ ಇನ್ನೊಂದು ಕೆಡಲಿಲ್ಲ.

ಚೀಟಿ ಇರುವುದೆಲ್ಲಿ?

ಇನ್ನು ಬದಲಿಸುವ ಕ್ರಮವನ್ನು ನೋಡೋಣ. ಆ ಕಾಲದ ಐಪಾಡ್ ಟಚ್‌ನಲ್ಲಿ 'ಸೆಟಿಂಗ್ಸ್' ತೆರೆದು, 'ಮೇಲ್, ಕಾಂಟ್ಯಾಕ್ಟ್ಸ್, ಕ್ಯಾಲೆಂಡರ್ಸ್' ಎಂಬಲ್ಲಿಗೆ ಹೋಗಿ, ಬೇಕಾದ ಖಾತೆಯನ್ನು ಮುಟ್ಟಿದರೆ ಅದರ ವಿವರಗಳು ತೆರೆಯುತ್ತವೆ. ಅಲ್ಲಿ 'ನೇಮ್' ಎಂಬ ಸಾಲು ಕಳುಹಿಸುವವರ ಹೆಸರು. 'ಡಿಸ್ಕ್ರಿಪ್ಷನ್' ಎಂಬ ಸಾಲು ಚೀಟಿ. ಸುಮಾ ತಿದ್ದಿದುದು ಈ ಎರಡನೆಯ ಸಾಲನ್ನು. ಮೊದಲನೆಯದನ್ನೂ ತಿದ್ದಿದ್ದರೆ ಅರ್ಜಿಯ ಮೇಲೆ ಆಕೆಯ ಹೆಸರಾದರೂ ಕಾಣುತ್ತಿತ್ತು. ವಿಳಾಸ ಮಾತ್ರ ಆಗಲೂ ತುಂಟಗುಬ್ಬಿಯದೇ. ತಕ್ಕ ವಿಳಾಸ ಬೇಕಿದ್ದರೆ ಹೊಸ ಖಾತೆಯನ್ನು ತೆರೆದು, ಹಳೆಯದಕ್ಕೆ ಬರುವ ಪತ್ರಗಳು ಹೊಸದಕ್ಕೆ ಸಾಗುವಂತೆ ಏರ್ಪಡಿಸುವುದೇ ನೇರವಾದ ಮಾರ್ಗ.

ಎಲ್ಲ ಕಿಸೆಯಂತ್ರಗಳೂ ಚೀಟಿಯನ್ನು ತಮ್ಮಲ್ಲಿಯೇ ಇಟ್ಟುಕೊಂಡಿರಲಿಲ್ಲ. ಕೆನಡದ ವಾಟರ್‌ಲೂ ನಗರದ ಸಂಸ್ಥೆಯೊಂದು ರೂಪಿಸಿದ ಬ್ಲ್ಯಾಕ್‌ಬೆರಿಯ ಹಳೆಯ ಮಾದರಿಗಳಲ್ಲಿ ಬಗೆ ಬೇರೆಯಾಗಿತ್ತು. ಸಾಮಾನ್ಯ ಬಳಕೆದಾರರ ಖಾತೆಗಳ ವಿವರಗಳು ಸಂಸ್ಥೆಯ ದೂರದ ಯಂತ್ರಗಳಲ್ಲಿದ್ದವು. ಆ ಯಂತ್ರಗಳೇ ಅಂಚೆಯನ್ನು ಸಂಗ್ರಹಿಸಿ ಕೈಯಲ್ಲಿನ ಯಂತ್ರಕ್ಕೆ ತಳ್ಳುತ್ತಿದ್ದವು. ಖಾತೆಯ ಹೆಸರನ್ನು ತಿದ್ದಿದರೆ ಆ ತಿದ್ದುಪಡಿಯು ಮೊದಲು ದೂರದ ಕಡತಕ್ಕೆ ಹೋಗಿ, ಅಲ್ಲಿಂದ 'ಸರ್ವಿಸ್ ಬುಕ್' ಎಂಬ ಪುಟ್ಟ ದಾಖಲೆಯ ರೂಪದಲ್ಲಿ ಹಿಂದಿರುಗಬೇಕಾಗಿತ್ತು. ತನ್ನ ಮನೆಯ ಭರಣಿಯ ಚೀಟಿಯನ್ನು ತಿದ್ದಲು ಪರ ಊರಿನ ಕರಣಿಕರಿಗೆ ಅರ್ಜಿ ಹಾಕಿದಂತೆ!

2022ರ ಜನವರಿ 4ರಂದು ಆ ಸಂಸ್ಥೆಯು ತನ್ನ ಹಳೆಯ ಯಂತ್ರಗಳ ಸೇವೆಯನ್ನು ನಿಲ್ಲಿಸಿತು. ಅಂದಿನಿಂದ, ಕೀಲಿಗಳು ಸವೆಯದೆ ಪರದೆ ಒಡೆಯದೆ ಚೆನ್ನಾಗಿರುವ ಯಂತ್ರವೂ ಅಂಚೆಯ ಮಟ್ಟಿಗೆ ಮೂಕವಾಯಿತು. ತಿದ್ದುಪಡಿಯನ್ನು ಕೇಳುವವರೇ ಅಲ್ಲಿಲ್ಲ. ಐಪಾಡಿನ ಸ್ಥಿತಿಯೂ ಪೂರ್ತಿ ನೆಮ್ಮದಿಯದಲ್ಲ. ಪತ್ರಗಳನ್ನು ಗೂಢಲಿಪಿಯಲ್ಲಿ ಸಾಗಿಸುವ ಹಳೆಯ ಕ್ರಮಗಳನ್ನು 2021ರಲ್ಲಿ ತ್ಯಾಜ್ಯವೆಂದು ಸಾರಲಾಯಿತು. ಹೊಸ ಕ್ರಮವನ್ನು ಅರಿಯದ ಎಷ್ಟೋ ಹಳೆಯ ಯಂತ್ರಗಳಿಗೆ ಅಂಚೆ ಬರುವುದೇ ನಿಂತಿದೆ. ಆದರೂ ಅದರ ಚೀಟಿಯನ್ನು ಇಂದಿಗೂ ತಿದ್ದಬಹುದು. ಚೀಟಿ ಇರುವುದು ಅದರ ಹೊಟ್ಟೆಯಲ್ಲಿಯೇ ಅಲ್ಲವೆ?

ಆದುದರಿಂದ ಯಾವ ಯಂತ್ರದಲ್ಲಿಯಾದರೂ ಹೆಸರನ್ನು ಬದಲಿಸುವಾಗ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು: ಮೂರರಲ್ಲಿ ಇದು ಯಾವ ಹೆಸರು? ಇದು ಬರೆದಿರುವುದು ಎಲ್ಲಿ?

ಕನ್ನಡದಲ್ಲಿ ಹೆಸರು

ಕಳುಹಿಸುವವರ ಹೆಸರನ್ನು ಕನ್ನಡ ಲಿಪಿಯಲ್ಲಿ ಬರೆಯಬಹುದೆ? ಬರೆಯಬಹುದು. ಮಿಂಚಂಚೆಯ ಶಿರೋಭಾಗವು ಮೊದಲಿಗೆ ಇಂಗ್ಲಿಷ್ ಅಕ್ಷರಗಳಿಗಷ್ಟೇ ಮೀಸಲಾಗಿತ್ತು. ಬೇರೆ ಲಿಪಿಗಳ ಹೆಸರುಗಳನ್ನು ಆ ಅಕ್ಷರಗಳಲ್ಲಿಯೇ ಅಡಗಿಸಿ ಸಾಗಿಸುವ ವಿಧಾನವು 1990ರ ದಶಕದಲ್ಲಿ ರೂಪುಗೊಂಡಿತು. 'ಸುಮಾ' ಎಂಬುದರಲ್ಲಿ ಗಣಕಯಂತ್ರವು ಕಾಣುವುದು ನಾಲ್ಕು ಚಿಹ್ನೆಗಳನ್ನು: ಸಕಾರ, ಉಕಾರದ ಕೊಂಬು, ಮಕಾರ, ಆಕಾರದ ದೀರ್ಘ. ಈಗ ಬಳಕೆಯಲ್ಲಿರುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟುಗಳು, ಒಟ್ಟು 12. ಪ್ರತಿ 3 ಬೈಟುಗಳನ್ನು 4 ಅಕ್ಷರಗಳಾಗಿ ಮಾರ್ಪಡಿಸುವುದರಿಂದ ಎರಡಕ್ಷರದ ಸುಮಾ 16 ಅಕ್ಷರಗಳ ವೇಷ ತೊಟ್ಟು ಹೊರಡುತ್ತಾಳೆ. ಅತ್ತ ತಲಪಿದ ಮೇಲೆ ವೇಷ ಕಳಚಿ ಮೊದಲಿನಂತಾಗುತ್ತಾಳೆ. ಕನ್ನಡ ಲಿಪಿಯನ್ನು ಅರಿಯದ ಹಳೆಯ ಯಂತ್ರಗಳಲ್ಲಿ ಮಾತ್ರ ಹೆಸರಿನ ಜಾಗದಲ್ಲಿ ಖಾಲಿ ಚೌಕಗಳು ಕಾಣುತ್ತಿದ್ದವು.

ತಿರುಗಿ ನೋಡಿದರೆ

ಕಳುಹಿಸುವವರ ಹೆಸರನ್ನು ಯಾರು ಬೇಕಾದರೂ ತಮ್ಮ ಇಚ್ಛೆಯಂತೆ ಬರೆದುಕೊಳ್ಳಬಹುದು ಎಂದೆವಷ್ಟೆ. ಇದನ್ನು ತಿರುಗಿಸಿ ನೋಡಿದರೆ ಒಂದು ಎಚ್ಚರಿಕೆಯ ಮಾತು ಹೊಳೆಯುತ್ತದೆ. ಸುಮಾ ತನ್ನ ಹೆಸರನ್ನು ಬರೆಯಬಹುದಾದ ಸಾಲಿನಲ್ಲಿ ವಂಚಕನೊಬ್ಬನು 'ಪ್ರಾಂಶುಪಾಲರು' ಎಂದೋ 'ಪರೀಕ್ಷಾ ವಿಭಾಗ' ಎಂದೋ ಬರೆದರೆ ತಡೆಯುವವರಾರು? ವಿಳಾಸದ ಬಲಭಾಗದಲ್ಲಿನ ಸಂಸ್ಥೆಯು ನಿಜವಾದದ್ದೇ ಎಂದು ಪರೀಕ್ಷಿಸುವ ಉಪಾಯಗಳು ಈಗ ಬಳಕೆಗೆ ಬಂದಿವೆ. ಆದರೆ ವಿಳಾಸದ ಮುಂದಿರುವ ಹೆಸರು ಸತ್ಯವೇ ಸುಳ್ಳೇ ಎಂಬುದನ್ನು ಆ ಉಪಾಯಗಳು ಹೇಳಲಾರವು. ಕಿರಿದಾದ ಪರದೆಯಾದರೋ ಹೆಸರನ್ನು ಮುಂದೆ ಮಾಡಿ ವಿಳಾಸವನ್ನು ಮರೆಮಾಡುತ್ತದೆ. ಹಣ ಕಳುಹಿಸಿ, ಗುಪ್ತಪದ ತಿಳಿಸಿ ಎಂದು ಆತುರಪಡಿಸುವ ಪತ್ರ ಬಂದಾಗ ಆ ಹೆಸರನ್ನು ಬೆರಳಿನಿಂದ ಮುಟ್ಟಿ, ಹಿಂದೆ ಅಡಗಿರುವ ವಿಳಾಸವನ್ನು ಓದಿರಿ. ವಿಳಾಸವು ಸರಿಯಾಗಿ ಕಂಡರೂ ಸಂಶಯ ಉಳಿದರೆ, ಕಳುಹಿಸಿದವರೆನ್ನಲಾದವರನ್ನು ಬೇರೆ ದಾರಿಯಿಂದ ಕೇಳಿ ತಿಳಿಯಿರಿ.

ಅಜ್ಜಿಯು ಭರಣಿಯ ಮೇಲಿನ ಚೀಟಿಯನ್ನು ಓದುವಳು ನಿಜ. ಆದರೆ ಬಡಿಸುವ ಮೊದಲು ಮುಚ್ಚಳ ತೆರೆದು ಒಮ್ಮೆ ನೋಡಿಯೇ ನೋಡುವಳು. ಕಿಸೆಯಂತ್ರವನ್ನು ಹಿಡಿದವರಿಗೂ ಅಷ್ಟು ಎಚ್ಚರ ಇದ್ದರೆ ಸಾಕು.