ಪ್ರೌಢಶಾಲೆಯ ಪ್ರೇಮಕಥೆ: ಇಲ್ಲಿ ಪ್ರೇಕ್ಷಕನೇ ನಾಯಕ!

ಬಾಗಲಕೋಟೆ: ಬಾದಾಮಿ ಸಮೀಪದ ಬನಶಂಕರಿ ಜಾತ್ರೆಗೆ ಹೋದವರಿಗೆ ನಾಟಕ ಕಂಪನಿಗಳ ಡೇರೆಗಳು ಹೊಸತಲ್ಲ. ರಂಗದ ಮೇಲೆ ನಾಯಕನು ನಾಯಕಿಯ ಎದುರು ಮಾತು ಬಾರದೆ ತಡವರಿಸಿದರೆ ಪ್ರೇಕ್ಷಕ ಕುಳಿತಲ್ಲಿಂದಲೇ 'ಹೇಳಲೇ, ಹೇಳಿಬಿಡು' ಎಂದು ಕೂಗಬಹುದು. ಆದರೆ ಕಥೆ ಬದಲಾಗದು. ಅದು ನಾಟಕಕಾರ ಬರೆದಂತೆಯೇ ಮುಗಿಯುತ್ತದೆ. ಪ್ರೇಕ್ಷಕನ ಕೂಗಿಗೆ ತಕ್ಕಂತೆ ಕಥೆಯೇ ತಿರುಗಿದರೆ ಹೇಗೆ? ಜಪಾನ್ ಮೂಲದ 'ವಿಷುವಲ್ ನಾವೆಲ್' ಎಂಬ ಕಂಪ್ಯೂಟರ್ ಆಟಗಳು ಮಾಡುವುದು ಇದನ್ನೇ. ಮಗನೋ ಮಗಳೋ ಮೊಬೈಲ್ ಪರದೆಯ ಮೇಲೆ ದೊಡ್ಡ ಕಣ್ಣುಗಳ ಕಾರ್ಟೂನ್ ಹುಡುಗಿಯರೊಡನೆ ಗಂಟೆಗಟ್ಟಲೆ 'ಮಾತನಾಡುವುದನ್ನು' ಕಂಡು ಕಳವಳಗೊಂಡ ಪೋಷಕರು ಇದರ ಸ್ವರೂಪವನ್ನು ತಿಳಿಯುವುದು ಅಗತ್ಯ.

ಏನಿದು ಆಟ?

ಹೆಸರಿಗೆ ಆಟವಾದರೂ ಇದರ ಬಹುಪಾಲು ಓದು. ಪರದೆಯ ಹಿಂಬದಿಯಲ್ಲಿ ತರಗತಿಯ ಕೋಣೆಯ ಚಿತ್ರ, ಮುಂದೆ ಅನಿಮೆ ಶೈಲಿಯ ಪಾತ್ರ, ಕೆಳಗೆ ಸಂಭಾಷಣೆಯ ಪೆಟ್ಟಿಗೆ, ಜೊತೆಗೆ ಹಿತವಾದ ಸಂಗೀತ. ಬೆರಳೊತ್ತಿದಂತೆ ಮಾತುಗಳು ಮುಂದುವರಿಯುತ್ತವೆ. ನಡುನಡುವೆ ಪ್ರಶ್ನೆ ಎದುರಾಗುತ್ತದೆ: ಗ್ರಂಥಾಲಯಕ್ಕೆ ಹೋಗುವಿರಾ, ಗೆಳತಿಯೊಡನೆ ಮನೆಗೆ ನಡೆಯುವಿರಾ? ಪ್ರತಿ ಉತ್ತರಕ್ಕೂ ಯಂತ್ರ ಒಳಗೊಳಗೇ ಲೆಕ್ಕವಿಡುತ್ತದೆ. ಯಾರ ಕಡೆಗೆ ಅಂಕ ಹೆಚ್ಚುವುದೋ ಆ ಪಾತ್ರದ ಕಥೆಯೇ ಮುಂದಿನ ಹಾದಿಯಾಗುತ್ತದೆ. ಒಂದು ಹಾದಿ ಸುಖಾಂತವಾದರೆ ಇನ್ನೊಂದು ದುಃಖಾಂತ. ಕವಲಿನಲ್ಲಿ ಸೇವ್ ಮಾಡಿಕೊಂಡು, ಹಿಂತಿರುಗಿ ಬೇರೆ ಹಾದಿ ಹಿಡಿಯಲು ಅವಕಾಶವುಂಟು.

ಇಲ್ಲಿನ 'ಹೈಸ್ಕೂಲ್' ನಮ್ಮ ಹೈಸ್ಕೂಲ್ ಅಲ್ಲ ಎಂಬುದು ಗಮನಾರ್ಹ. ಜಪಾನಿನಲ್ಲಿ ಅದು 15ರಿಂದ 18ರ ವಯಸ್ಸಿನ ಮೂರು ವರ್ಷಗಳ ಶಿಕ್ಷಣ. ನಮ್ಮ ಲೆಕ್ಕದಲ್ಲಿ ಎಸ್ಸೆಸ್ಸೆಲ್ಸಿಯಿಂದ ಪಿಯುಸಿವರೆಗೆ. ಅಲ್ಲಿ ಶಾಲಾ ವರ್ಷ ಆರಂಭವಾಗುವುದು ಏಪ್ರಿಲ್‌ನಲ್ಲಿ. ಈ ಕಥೆಗಳಲ್ಲಿ ಚೆರ್ರಿ ಹೂಗಳು ಮತ್ತೆಮತ್ತೆ ಉದುರುವುದು ಆ ಕಾರಣದಿಂದಲೇ.

ಮೂರು ದಶಕಗಳ ಇತಿಹಾಸ

ಕೊನಾಮಿ ಸಂಸ್ಥೆ 1994ರಲ್ಲಿ ಹೊರತಂದ 'ತೋಕಿಮೆಕಿ ಮೆಮೋರಿಯಲ್' ಶಾಲಾ ಪ್ರೇಮದ ಆಟಗಳಿಗೆ ಜಪಾನಿನಲ್ಲಿ ದೊಡ್ಡ ಮಾರುಕಟ್ಟೆ ತೆರೆಯಿತು. ಶಾಲೆಯ ಮರವೊಂದರ ಕೆಳಗೆ, ಕೊನೆಯ ದಿನ ಪ್ರೇಮ ನಿವೇದನೆಯಾದರೆ ಜೋಡಿ ಸದಾ ಸುಖವಾಗಿರುತ್ತದೆ ಎಂಬ ನಂಬಿಕೆ ಅದರ ಕಥಾಬೀಜ. ಕೀ ಸಂಸ್ಥೆಯ 'ಕ್ಲನಾಡ್' ಬಂದದ್ದು 2004ರಲ್ಲಿ. ಅದು ಶಾಲೆಯಲ್ಲಿ ಆರಂಭವಾಗಿ ಮದುವೆ, ದುಡಿಮೆ, ಸಾವು, ತಂದೆತನಗಳವರೆಗೆ ಸಾಗುತ್ತದೆ. 2012ರಲ್ಲಿ ನಾನಾ ದೇಶಗಳ ಹವ್ಯಾಸಿಗಳು ಸೇರಿ 'ಕತಾವಾ ಶೋಜೋ' ಎಂಬ ಇಂಗ್ಲಿಷ್ ಕೃತಿಯನ್ನು ಉಚಿತವಾಗಿ ಬಿಡುಗಡೆ ಮಾಡಿದರು. ಅಂಗವಿಕಲ ವಿದ್ಯಾರ್ಥಿಗಳ ಶಾಲೆಯಲ್ಲಿ ನಡೆಯುವ ಈ ಕಥೆಯ ನಾಯಕನೂ ಹೃದ್ರೋಗಿ. ಆತ ಗೆಳತಿಯನ್ನು ಕರುಣೆಯಿಂದ ಕಾಣುವನೋ, ಸಮಾನಳೆಂದು ಕಾಣುವನೋ ಎಂಬುದನ್ನು ನಿರ್ಧರಿಸಬೇಕಾದವನು ಓದುಗ.

ಚಿತ್ರ ಕಂಡು ಮೋಸಹೋಗದಿರಿ

ಎಲ್ಲ ಕೃತಿಗಳೂ ಎಲ್ಲ ವಯಸ್ಸಿನವರಿಗಲ್ಲ. 'ಕ್ಲನಾಡ್' ಮೊದಲಿನಿಂದಲೂ ಸರ್ವರಿಗೆಂದೇ ಬಂದದ್ದು. ಅದೇ ಸಂಸ್ಥೆಯ 'ಕನೋನ್' 1999ರಲ್ಲಿ ಮೊದಲು ವಯಸ್ಕರ ಆವೃತ್ತಿಯಾಗಿ ಬಂದು, ಬಳಿಕ ಶುದ್ಧೀಕೃತ ರೂಪ ಪಡೆಯಿತು. 'ಕತಾವಾ ಶೋಜೋ'ದಲ್ಲಿಯೂ ವಯಸ್ಕರ ದೃಶ್ಯಗಳಿದ್ದು, ಅವುಗಳನ್ನು ಮರೆಮಾಡುವ ಸೌಲಭ್ಯವಿದೆ.

ಹೆಚ್ಚಿನ ಎಚ್ಚರ ಬೇಕಾದದ್ದು 2017ರಲ್ಲಿ ಉಚಿತವಾಗಿ ಬಂದ 'ಡೋಕಿ ಡೋಕಿ ಲಿಟರೇಚರ್ ಕ್ಲಬ್' ವಿಷಯದಲ್ಲಿ. ಹೊರನೋಟಕ್ಕೆ ಇದು ಶಾಲೆಯ ಸಾಹಿತ್ಯ ಸಂಘದ ನಾಲ್ವರು ಹುಡುಗಿಯರ ಮುದ್ದಾದ ಕಥೆ. ಆಟಗಾರ 20 ಪದಗಳನ್ನು ಆರಿಸಿ ಕವಿತೆ ಕಟ್ಟುತ್ತಾನೆ. ಆ ಪದಗಳು ಯಾರಿಗೆ ಇಷ್ಟವೋ ಆಕೆ ಹತ್ತಿರವಾಗುತ್ತಾಳೆ. ಕೆಲವು ಗಂಟೆಗಳಲ್ಲಿ ಕಥೆ ಖಿನ್ನತೆ, ಆತ್ಮಹತ್ಯೆ, ಭಯಾನಕ ದೃಶ್ಯಗಳತ್ತ ಹೊರಳುತ್ತದೆ. ಮಕ್ಕಳಿಗೆ ಇದು ತಕ್ಕುದಲ್ಲವೆಂದು ಆಟವೇ ಆರಂಭದಲ್ಲಿ ಎಚ್ಚರಿಸುತ್ತದೆ. ಗುಲಾಬಿ ಬಣ್ಣದ ಚಿತ್ರ ಕಂಡವರು ಆ ಎಚ್ಚರಿಕೆಯನ್ನು ಓದದೆ ಮುಂದುವರಿಯುವುದೇ ಅಪಾಯ.

ಹಾಗೆಂದು ಮೊಬೈಲ್ ಕಸಿದುಕೊಳ್ಳುವುದು ಪರಿಹಾರವಲ್ಲ. ಆಟದ ಹೆಸರು ಕೇಳಿ, ಡೌನ್‌ಲೋಡ್ ಪುಟದಲ್ಲಿರುವ ವಯೋಮಿತಿಯನ್ನೂ ಎಚ್ಚರಿಕೆಯನ್ನೂ ಪೋಷಕರು ಮೊದಲು ಓದಬೇಕು. ಬಳಿಕ ಮಗನ ಪಕ್ಕದಲ್ಲಿ ಕುಳಿತು 'ಇದು ಯಾವ ಕಥಿ ಐತಿ? ನೀ ಯಾಕ ಹಂಗ ಆರಿಸಿದಿ?' ಎಂದು ಕೇಳಿದರೆ, ಬೇರೆ ಹೊತ್ತಿನಲ್ಲಿ ಬಾರದ ಮಾತು ಹೊರಬರಬಹುದು. ಪಾತ್ರದ ದುಃಖವನ್ನು ಮಕ್ಕಳು ತಮ್ಮದೇ ಎಂಬಂತೆ ಹಚ್ಚಿಕೊಂಡು, ಊಟ ನಿದ್ರೆ ತೊರೆದರೆ ಕೇಂದ್ರ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಇಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಕನ್ನಡದಲ್ಲಿ ಸಾಧ್ಯವೇ?

ಸಾಧ್ಯ. 'ಕತಾವಾ ಶೋಜೋ', 'ಡೋಕಿ ಡೋಕಿ' ಎರಡೂ ತಯಾರಾದದ್ದು 'ರೆನ್‌ಪೈ' ಎಂಬ ತಂತ್ರಾಂಶದಲ್ಲಿ. 2004ರಿಂದ ಲಭ್ಯವಿರುವ ಇದು ಸಂಪೂರ್ಣ ಉಚಿತ. ನಾಟಕದ ಹಸ್ತಪ್ರತಿಯಂತೆ ಪಾತ್ರದ ಹೆಸರು, ಮುಂದೆ ಅದರ ಮಾತು ಎಂದು ಬರೆಯುತ್ತ ಹೋಗುವುದೇ ಇದರ ಮೂಲಕ್ರಮ. ಮೊದಲು ನಮ್ಮ ಒತ್ತಕ್ಷರಗಳು ಇದರಲ್ಲಿ ಒಡೆದು ಕಾಣುವ ತೊಡಕಿತ್ತು. 2023ರ ಆವೃತ್ತಿಯಲ್ಲಿ ಅಕ್ಷರ ಜೋಡಣೆಯ ಹೊಸ ವ್ಯವಸ್ಥೆ ಸೇರಿದ್ದು, ಸೂಕ್ತ ಕನ್ನಡ ಫಾಂಟ್ ಅಳವಡಿಸಿದರೆ 'ಇಳಕಲ್ಲು', 'ಬೆಳ್ಳಕ್ಕಿ'ಗಳು ಸರಿಯಾಗಿಯೇ ಮೂಡಬಲ್ಲವು.

ಇಂದು ಇಲ್ಲಿನ ಮಕ್ಕಳು ಚೆರ್ರಿ ಮರದ ಕೆಳಗಿನ ಪ್ರೇಮವನ್ನು ಇಂಗ್ಲಿಷಿನಲ್ಲಿ ಓದುತ್ತಿದ್ದಾರೆ. ಹುನಗುಂದದ ಬಸ್ ನಿಲ್ದಾಣದಲ್ಲಿ ಕಾಲೇಜಿನ ಬಸ್ಸಿಗೆ ಕಾಯುವ, ಇಳಕಲ್ಲಿನ ಮಗ್ಗದ ಸದ್ದಿನ ನಡುವೆ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರ ಕಥೆಗೂ ಅದೇ ಪರದೆ ಸಾಕು. ಜಾತ್ರೆಯ ಡೇರೆಗೆ ವರ್ಷವರ್ಷವೂ ಜನ ತುಂಬುವ ನಾಡಿದು; ಬರೆಯುವ ಕೈಯೊಂದು ಮುಂದೆ ಬಂದರೆ ಓದುವವರಿಗೆ ಬರವಿರಲಾರದು.