ಇಂಪ್ಲಾಂಟ್ ಹಲ್ಲಿದೆಯೇ? ಒಸಡು ಜೋಪಾನ!

ಬಿದ್ದ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್ ಹಾಕಿಸಿಕೊಂಡಿದ್ದೀರಾ? 'ಅಬ್ಬಾ, ಇನ್ನು ಹುಳುಕಿನ ಕಾಟವಿಲ್ಲ' ಅಂತ ನಿರಾಳವಾಗಿದ್ದೀರಾ? ಸ್ವಲ್ಪ ತಾಳಿ. ಲೋಹದ ಬೇರಿಗೆ ಹುಳುಕು ಹಿಡಿಯುವುದಿಲ್ಲ, ನಿಜ. ಆದರೆ ಅದನ್ನು ಹಿಡಿದುಕೊಂಡಿರುವ ಒಸಡು, ಮೂಳೆ ನಿಮ್ಮದೇ ತಾನೆ? ಸೋಂಕು ತಗಲುವುದು ಅಲ್ಲಿಗೇ.

ನೋವಿಲ್ಲ, ಅದೇ ಅಪಾಯ

ಇಂಪ್ಲಾಂಟ್ ಅಂದರೆ ದವಡೆಯ ಮೂಳೆಯೊಳಗೆ ಕೂರಿಸುವ ಟೈಟಾನಿಯಂ ಸ್ಕ್ರೂ. ಸ್ವೀಡನ್‌ನ ಬ್ರೋನೆಮಾರ್ಕ್ 1965ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರಿಗೆ ಇದನ್ನು ಅಳವಡಿಸಿದರು. ಕೆಲವು ತಿಂಗಳಲ್ಲಿ ಮೂಳೆ ಇದಕ್ಕೆ ಬೆಸೆದುಕೊಳ್ಳುತ್ತದೆ. ಆದರೆ ಸ್ವಂತ ಹಲ್ಲನ್ನು ಮೂಳೆಗೆ ಕಟ್ಟಿಹಾಕುವ ನಾರಿನ ಎಳೆಗಳು ಇಲ್ಲಿಲ್ಲ. ಒಸಡೂ ಅಷ್ಟು ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಹಾಗಾಗಿ ಸೋಂಕು ಬೇಗ ಒಳಗಿಳಿಯುತ್ತದೆ. ಎಷ್ಟೋ ಸಲ ನೋವೇ ಇರುವುದಿಲ್ಲ!

ಮೊದಲು ಒಸಡು ಮಾತ್ರ ಊದಿಕೊಳ್ಳುತ್ತದೆ. ಈ ಹಂತದಲ್ಲಿ ಚೆನ್ನಾಗಿ ಕ್ಲೀನ್ ಮಾಡಿಸಿದರೆ ಸಾಮಾನ್ಯವಾಗಿ ವಾಸಿಯಾಗುತ್ತದೆ. ಅಸಡ್ಡೆ ಮಾಡಿದಿರೋ, ಮೂಳೆಯೇ ಸವೆಯತೊಡಗುತ್ತದೆ. ಇದಕ್ಕೆ 'ಪೆರಿ-ಇಂಪ್ಲಾಂಟೈಟಿಸ್' ಎನ್ನುತ್ತಾರೆ. ಸವೆದ ಮೂಳೆ ತಾನಾಗಿ ಬೆಳೆಯುವುದಿಲ್ಲ. ಆಗ ಶಸ್ತ್ರಚಿಕಿತ್ಸೆ ಬೇಕಾಗಬಹುದು, ಕೆಲವೊಮ್ಮೆ ಇಂಪ್ಲಾಂಟನ್ನೇ ತೆಗೆಯಬೇಕಾಗುತ್ತದೆ. ಸುರಿದ ಹಣವೂ ಹೋಯಿತು, ಹಲ್ಲೂ ಹೋಯಿತು.

ಈ ಲಕ್ಷಣಗಳಿವೆಯೇ?

* ಬ್ರಷ್ ಮಾಡುವಾಗ ರಕ್ತ ಬರುವುದು
* ಒಸಡು ಕೆಂಪಾಗಿ ಊದಿಕೊಳ್ಳುವುದು
* ಒತ್ತಿದರೆ ಕೀವು, ಬಾಯಲ್ಲಿ ಕೆಟ್ಟ ರುಚಿ, ವಾಸನೆ
* ಒಸಡು ಇಳಿದು ಸ್ಕ್ರೂ ಕಾಣಿಸುವುದು

ಹಲ್ಲು ಅಲ್ಲಾಡಲಿ ನೋಡೋಣ ಅಂತ ಕಾಯಬೇಡಿ. ಒಳಗಿನ ಸ್ಕ್ರೂ ಅಲ್ಲಾಡುವ ಹೊತ್ತಿಗೆ ಕೈಮೀರಿರುತ್ತದೆ.

ಯಾರಿಗೆ ಹೆಚ್ಚು ಎಚ್ಚರ ಬೇಕು?

ಹತೋಟಿಗೆ ಬಾರದ ಸಕ್ಕರೆ ಕಾಯಿಲೆ ಇರುವವರು, ಸಿಗರೇಟು ಸೇದುವವರು, ಒಸಡಿನ ರೋಗದಿಂದಲೇ ಹಲ್ಲು ಕಳೆದುಕೊಂಡವರು. ಮನೆಯಲ್ಲಿ ಅತ್ತೆ, ಮಾವನವರಿಗೆ ಇಂಪ್ಲಾಂಟ್ ಇದ್ದರೆ ಅವರನ್ನೂ ವಿಚಾರಿಸಿ.

ಹೀಗೆ ಮಾಡಿ

* ಮೆತ್ತನೆಯ ಬ್ರಷ್‌ನಿಂದ ದಿನಕ್ಕೆರಡು ಸಲ, ಒಸಡಿನ ಅಂಚಿನವರೆಗೂ ಉಜ್ಜಿ. ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟರೆ ಕೊಳೆ ಕೂತು ಸೋಂಕು ಇನ್ನೂ ಹೆಚ್ಚುತ್ತದೆ.
* ಸಂದಿಗಳಿಗೆಂದೇ ಸಿಗುವ ಪುಟ್ಟ ಬ್ರಷ್ ಬಳಸಿ. ಯಾವ ಅಳತೆಯದು ಅಂತ ವೈದ್ಯರನ್ನು ಕೇಳಿ. ಪಿನ್ನು, ಬೆಂಕಿಕಡ್ಡಿ ಖಂಡಿತ ಬೇಡ.
* ಉಪ್ಪುನೀರು ಮುಕ್ಕಳಿಸಿದರೆ ಹಿತವೆನಿಸಬಹುದು, ಆದರೆ ಅಂಟಿದ ಕೊಳೆ ಹೋಗುವುದಿಲ್ಲ. ಉಳಿದ ಆಂಟಿಬಯಾಟಿಕ್ ಮಾತ್ರೆಯನ್ನು ನೀವೇ ನುಂಗಬೇಡಿ.
* ತೊಂದರೆ ಇಲ್ಲದಿದ್ದರೂ ವೈದ್ಯರು ಹೇಳಿದ ಗಡುವಿಗೆ ತಪಾಸಣೆಗೆ ಹೋಗಿ. ಹಳೆಯ ಎಕ್ಸ್-ರೇ ಜೋಪಾನವಾಗಿಡಿ. ಮೂಳೆ ಸವೆದಿದೆಯೇ ಎಂದು ಹೋಲಿಸಿ ನೋಡಲು ಅದು ಬೇಕು.

ಗಂಡನ ಬಿ.ಪಿ. ಮಾತ್ರೆ, ಮಕ್ಕಳ ಲಸಿಕೆ ಎಲ್ಲವೂ ನೆನಪಿರುವ ನಮಗೆ ನಮ್ಮ ಒಸಡಿನ ರಕ್ತ ಮಾತ್ರ 'ಅಯ್ಯೋ, ಅದೇನು ಮಹಾ' ಅನಿಸಿಬಿಡುತ್ತದೆ. ಹಬ್ಬ ಮುಗೀಲಿ, ಪರೀಕ್ಷೆ ಮುಗೀಲಿ ಅಂತ ಮುಂದೂಡಬೇಡಿ. ನಾಳೆ ಬೆಳಗ್ಗೆ ಉಗುಳಿದ ನೊರೆಯಲ್ಲಿ ಕೆಂಪು ಕಂಡರೆ, ಈ ವಾರವೇ ದಂತವೈದ್ಯರನ್ನು ಕಾಣಿ.