ಪ್ಲಸ್ ಎಂದರೆ ಬರೀ ಕೂಡುವುದಲ್ಲ

ಜಾವಾ ಭಾಷೆಯಲ್ಲಿ 10 + 20 + " ರೂಪಾಯಿ" ಎಂದು ಬರೆದರೆ ಪರದೆಯ ಮೇಲೆ "30 ರೂಪಾಯಿ" ಮೂಡುತ್ತದೆ. ಅದನ್ನೇ ತಿರುಗಿಸಿ "ರೂಪಾಯಿ " + 10 + 20 ಎಂದರೆ ಬರುವುದು "ರೂಪಾಯಿ 1020". ಕಂಪ್ಯೂಟರ್ ಲೆಕ್ಕ ತಪ್ಪಿಲ್ಲ. ಎಡದಿಂದ ಶುರುಮಾಡುವ ಜಾವಾ, ಪ್ಲಸ್‌ನ ಎರಡೂ ಬದಿ ಸಂಖ್ಯೆಯಿದ್ದರೆ ಕೂಡುತ್ತದೆ. ಒಂದು ಬದಿ ಅಕ್ಷರಗಳ ಸಾಲು, ಅಂದರೆ ಸ್ಟ್ರಿಂಗ್ ಇದ್ದರೆ ಇನ್ನೊಂದನ್ನೂ ಸ್ಟ್ರಿಂಗ್ ಮಾಡಿ ಜೋಡಿಸುತ್ತದೆ. ಪ್ಲಸ್‌ನಂಥ ಆಪರೇಟರ್ ಏನು ಮಾಡಬೇಕೆಂದು ಹೇಳುವುದು ಅದರ ಅಕ್ಕಪಕ್ಕದಲ್ಲಿರುವ ಮೌಲ್ಯಗಳು, ಅಂದರೆ ಆಪರೆಂಡ್‌ಗಳು.

ಗಣಿತದ ಆಪರೇಟರ್‌ಗಳಿಗೂ ಇದೇ ನಿಯಮ. 69 / 2 ಎಂದರೆ 34. ಎರಡೂ ಪೂರ್ಣಾಂಕವಾದ್ದರಿಂದ ಅರ್ಧ ಅಂಕ ಮಾಯ. 69.0 / 2 ಎಂದರೆ 34.5. ಶೇಷ ಬೇಕಿದ್ದವರಿಗೆ % ಇದೆ.

ಹೋಲಿಕೆಯ ಆಪರೇಟರ್‌ಗಳು (>, <=, ==, !=) ಕೊಡುವ ಉತ್ತರ ಹೌದು ಅಥವಾ ಅಲ್ಲ, ಎರಡೇ. ಅಂಥ ಉತ್ತರಗಳನ್ನು ಕೂಡಿಸುವುದು ತಾರ್ಕಿಕ ಆಪರೇಟರ್‌ಗಳು. ಜಾವಾದಲ್ಲಿ ಕನ್ನಡದ ಹೆಸರುಗಳೂ ನಡೆಯುತ್ತವೆ, ಹಾಗಾಗಿ ತರಗತಿಯ ಸರಾಸರಿ ಅಂಕ 35 ಮುಟ್ಟಿದೆಯೇ ಎಂದು ಹೀಗೆ ಕೇಳಬಹುದು:

ಮಕ್ಕಳು != 0 && ಒಟ್ಟು / ಮಕ್ಕಳು >= 35

ತರಗತಿಯಲ್ಲಿ ಮಕ್ಕಳೇ ಇಲ್ಲದಿದ್ದರೆ && ಬಲಬದಿಯನ್ನು ನೋಡುವ ಗೋಜಿಗೇ ಹೋಗುವುದಿಲ್ಲ. ಎರಡರ ಬದಲು ಒಂದೇ & ಹಾಕಿದಿರೋ, ಸೊನ್ನೆಯಿಂದ ಭಾಗಿಸಲು ಹೋಗಿ ಪ್ರೋಗ್ರಾಂ ನಿಂತುಬಿಡುತ್ತದೆ.

ಹೊಸಬರು ಹೆಚ್ಚು ಎಡವುವುದು == ಹತ್ತಿರ. ಸಂಖ್ಯೆಗಳ ನಡುವೆ ಅದು ಬೆಲೆಯನ್ನು ಹೋಲಿಸುತ್ತದೆ. ಆಬ್ಜೆಕ್ಟ್‌ಗಳ ನಡುವೆ ಕೇಳುವ ಪ್ರಶ್ನೆಯೇ ಬೇರೆ: ಇವೆರಡೂ ಮೆಮೊರಿಯಲ್ಲಿರುವ ಒಂದೇ ಆಬ್ಜೆಕ್ಟೇ? ಸ್ಟ್ರಿಂಗ್ ಕೂಡ ಆಬ್ಜೆಕ್ಟೇ. ಬಳಕೆದಾರ ಟೈಪಿಸಿದ ಪಾಸ್‌ವರ್ಡ್ ಅಕ್ಷರಕ್ಷರ ಸರಿಯಿದ್ದರೂ ಉತ್ತರ 'ಅಲ್ಲ' ಎಂದು ಬರುವುದು ಇದರಿಂದಲೇ. ಅಲ್ಲಿ ಬಳಸಬೇಕಾದದ್ದು 'ಈಕ್ವಲ್ಸ್' ಮೆಥಡ್.

ನಾವೇ ಮಾಡಿದ ಕ್ಲಾಸ್‌ಗೆ ಪ್ಲಸ್ ಹಾಕಬಹುದೇ? ಬಿಯಾರ್ನ್ ಸ್ಟ್ರೌಸ್ಟ್ರಪ್ ಅವರ ಸಿ++ ಹೌದು ಎನ್ನುತ್ತದೆ. ಅಲ್ಲಿ ಪ್ಲಸ್‌ಗೆ ಹೊಸ ಅರ್ಥ ಬರೆಯಬಹುದು. ಇದೇ ಆಪರೇಟರ್ ಓವರ್‌ಲೋಡಿಂಗ್. 1995ರಲ್ಲಿ ಜಾವಾ ತಂದ ಜೇಮ್ಸ್ ಗಾಸ್ಲಿಂಗ್ ಈ ಸೌಲಭ್ಯವನ್ನು ಬೇಕೆಂದೇ ಕೈಬಿಟ್ಟರು. ಸ್ಟ್ರಿಂಗ್ ಜೋಡಿಸುವ ಪ್ಲಸ್ ಭಾಷೆಯೇ ಇಟ್ಟುಕೊಂಡ ವಿನಾಯಿತಿ. ಹಾಗಾಗಿ ಪೈಸೆ ಪೈಸೆ ಲೆಕ್ಕಕ್ಕೆ 'ಬಿಗ್‌ಡೆಸಿಮಲ್' ಎಂಬ ಕ್ಲಾಸ್ ಬಳಸುವ ಜಾವಾ ಪ್ರೋಗ್ರಾಮರ್ ಕೂಡಲು ಇಂದಿಗೂ 'ಆ್ಯಡ್' ಎಂದೇ ಬರೆಯಬೇಕು. ಬರೆಯಲು ಉದ್ದ, ನಿಜ; ಓದುವವರಿಗೆ ಗೊಂದಲವಿಲ್ಲ.

ಬಿಟ್‌ಗಳನ್ನು ಸರಿಸುವ ಆಪರೇಟರ್‌ಗಳು ಕೆಲವರಿಗಷ್ಟೇ ಬೇಕೆಂದು ಪಾಠದಲ್ಲಿ ಹಾರಿಸುವುದುಂಟು. ಆದರೆ ಕ್ರಮವಾಗಿ ಜೋಡಿಸಿದ ಪಟ್ಟಿಯನ್ನು ಪ್ರತಿ ಸಲ ಅರ್ಧ ಮಾಡುತ್ತಾ ಹುಡುಕುವ, ಜಾವಾದ ಸ್ವಂತ ಬೈನರಿ ಸರ್ಚ್‌ನಲ್ಲೇ ವರ್ಷಗಟ್ಟಲೆ ಅಡಗಿದ್ದ ದೋಷವೊಂದನ್ನು ಪ್ರೋಗ್ರಾಮರ್ ಜೋಶುವಾ ಬ್ಲಾಕ್ 2006ರಲ್ಲಿ ಬರೆದು ತಿಳಿಸಿದರು. ನಡುವಿನ ಸ್ಥಾನ ಹುಡುಕಲು ಎರಡು ತುದಿಗಳನ್ನು ಕೂಡಿ 2ರಿಂದ ಭಾಗಿಸುತ್ತಿದ್ದರು. ಪಟ್ಟಿ ನೂರು ಕೋಟಿ ದಾಟಿದಾಗ ಮೊತ್ತ 2147483647ರ ಮಿತಿ ಮೀರಿ ಋಣಸಂಖ್ಯೆಯಾಗಬಹುದಿತ್ತು. ಪರಿಹಾರವಾಗಿ ಬಂದದ್ದು >>> ಆಪರೇಟರ್: ಅದು ಮೈನಸ್ ಚಿಹ್ನೆಯ ಬಿಟ್ಟನ್ನೂ ಸಾಮಾನ್ಯ ಬಿಟ್ಟೆಂದೇ ಎಣಿಸಿ ಬಲಕ್ಕೆ ಸರಿಸುತ್ತದೆ. ಒಂದು ಸ್ಥಾನ ಸರಿಸಿದರೆ ಮೊತ್ತ ಸರಿಯಾಗಿ ಅರ್ಧವಾಗುತ್ತದೆ.

ಕಲಿಯುವವರು ಆಪರೇಟರ್‌ಗಳ ಆದ್ಯತಾ ಪಟ್ಟಿಯನ್ನು (ಯಾವುದು ಮೊದಲು, ಯಾವುದು ಆಮೇಲೆ) ಬಾಯಿಪಾಠ ಮಾಡಬೇಕಿಲ್ಲ. ಅನುಮಾನ ಬಂದಲ್ಲಿ ಆವರಣ ಹಾಕಿ, ಎರಡೂ ಬದಿಯ ಮೌಲ್ಯ ಯಾವ ಬಗೆಯದೆಂದು ನೋಡಿಕೊಳ್ಳಿ. ಚಿಹ್ನೆಯನ್ನು ಆಮೇಲೆ ಓದಿದರಾಯಿತು.